ಟೆಂಟಿನ ತೂಕ

ಕಾಡಂಚಿನ ಪ್ರವಾಸದ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. ರೆಸಾರ್ಟ್ ಕಟ್ಟುವವರು ಗುಡ್ಡ ಅಗೆಯುತ್ತಾರೆ, ಕೊಳವೆಬಾವಿ ಕೊರೆಯುತ್ತಾರೆ, ಕಾಂಕ್ರೀಟ್ ಸುರಿಯುತ್ತಾರೆ. ಟೆಂಟ್ ಹಾಕುವವನು ಇದಾವುದನ್ನೂ ಮಾಡುವುದಿಲ್ಲ. ಸಂಜೆ ನಾಲ್ಕು ಗೂಟ ಹೊಡೆದು ಬಟ್ಟೆ ಬಿಗಿಯುತ್ತಾನೆ, ಬೆಳಿಗ್ಗೆ ಮಡಚಿ ಬೆನ್ನಿಗೇರಿಸಿ ಹೊರಡುತ್ತಾನೆ, ಅವನ ಮೈ ಭಾರಕ್ಕೆ ಬಾಗಿದ ಹುಲ್ಲು ಎರಡು ದಿನದಲ್ಲಿ ಎದ್ದು ನಿಲ್ಲುತ್ತದೆ. ಆದ್ದರಿಂದ ಕಾಡನ್ನು ಅನುಭವಿಸುವ ದಾರಿಗಳಲ್ಲಿ ಟೆಂಟ್ ವಾಸವೇ ಎಲ್ಲಕ್ಕಿಂತ ಹಗುರ, ಎಲ್ಲಕ್ಕಿಂತ ನಿರುಪದ್ರವಿ ಎಂಬುದು ಈ ವಾದದ ಮೊದಲ ಭಾಗ. ಎರಡನೆಯ ಭಾಗ ಇನ್ನೂ ಮುಂದಕ್ಕೆ ಹೋಗುತ್ತದೆ: ಕಾಡಿನಲ್ಲಿ ಒಂದು ರಾತ್ರಿ ಕಳೆದವನಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುತ್ತದೆ, ಪ್ರೀತಿ ಹುಟ್ಟಿದವನು ನಾಳೆ ಕಾಡಿನ ಪರವಾಗಿ ದನಿಯೆತ್ತುತ್ತಾನೆ, ಹಾಗಾಗಿ ಹೆಚ್ಚು ಜನ ಕಾಡಿನಲ್ಲಿ ಮಲಗಿದಷ್ಟೂ ಕಾಡಿಗೇ ಒಳ್ಳೆಯದು. ಇದು ಲಾಭಕೋರರ ವಾದವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಪ್ಲಾಸ್ಟಿಕ್ಕನ್ನು ಚೀಲದಲ್ಲಿ ತುಂಬಿಕೊಂಡು ವಾಪಸ್ ತರುವ, ಜೋರಾಗಿ ಹಾಡು ಹಾಕುವವರನ್ನು ಕಂಡರೆ ಸಿಡುಕುವ, ಹಕ್ಕಿಗಳ ಹೆಸರು ಗೊತ್ತಿರುವ ಸಜ್ಜನರೇ ಇದನ್ನು ಹೇಳುತ್ತಾರೆ. ಅದಕ್ಕೇ ಇದನ್ನು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಈ ಪರಿಶೀಲನೆಗೆ ಕೇರಳದ ವಯನಾಡು ಜಿಲ್ಲೆಯ ಚೇಕಾಡಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಪುಲ್ಪಳ್ಳಿ ಸೀಮೆಯ ಈ ಹಳ್ಳಿಗೆ ಮೂರು ಕಡೆ ಕಾಡು, ಇನ್ನೊಂದು ಕಡೆ ಕಬಿನಿ. ನಡುವೆ ಬಯಲು, ಆ ಬಯಲಿನಲ್ಲಿ ಗಂಧಕಶಾಲ ಎಂಬ ಪರಿಮಳದ ಸಣ್ಣ ಭತ್ತ. ಜೀರಕಶಾಲದ ಜೊತೆಗೆ 2010ರಲ್ಲಿ ಭೌಗೋಳಿಕ ಗುರುತು ಪಡೆದ ತಳಿ ಅದು. ಇಲ್ಲಿ ವಯನಾಡನ್ ಚೆಟ್ಟಿಗಳಿದ್ದಾರೆ, ನಾವು ಕೊಡಗಿನಲ್ಲಿ ಯರವರೆಂದು ಕರೆಯುವ ಅಡಿಯರಿದ್ದಾರೆ, ನಮ್ಮ ಜೇನುಕುರುಬರ ನಂಟರಾದ ಕಾಟ್ಟುನಾಯ್ಕರಿದ್ದಾರೆ. ಹೊಳೆಯ ಜಾಡಿನಲ್ಲೇ ಕೆಳಗಿಳಿದರೆ ಪೆರಿಕ್ಕಲ್ಲೂರು, ಅದರ ಎದುರು ದಂಡೆಯಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆ. ಮೇಲಕ್ಕೆ ಹೋದರೆ ಕುರುವ ದ್ವೀಪ. ಸುತ್ತಲಿನ ಕಾಡು ವಯನಾಡು ವನ್ಯಜೀವಿ ಧಾಮದ್ದೋ ನಾಗರಹೊಳೆಯದ್ದೋ ಬಂಡೀಪುರದ್ದೋ ಎಂಬುದು ನಕ್ಷೆಯವರಿಗೆ ಮಾತ್ರ ಮುಖ್ಯ. ಆನೆಗಳಿಗೆ ಅದೆಲ್ಲ ಒಂದೇ ಮೇವಿನ ಮಾಳ. 1973ರಲ್ಲಿ ಘೋಷಿತವಾದ ವಯನಾಡು ಧಾಮ 344 ಚದರ ಕಿಲೋಮೀಟರಿನದು, ಆದರೆ ಅದು ಸೇರಿರುವ ನೀಲಗಿರಿ ಜೀವಮಂಡಲ 5,520 ಚದರ ಕಿಲೋಮೀಟರಿನದು. ಕರಾವಳಿಯಿಂದ ಘಟ್ಟ ಹತ್ತಿ ಬರುವ ಕೋಯಿಕ್ಕೋಡು, ಕಣ್ಣೂರಿನವರಿಗೂ ಮೈಸೂರು, ಬೆಂಗಳೂರಿನವರಿಗೂ ಇದು ವಾರಾಂತ್ಯಕ್ಕೆ ಎಟುಕುವ ಕಾಡು. ಟೆಂಟ್, ಚಾರಣ, ಹೊಳೆ ದಂಡೆಯ ಬೆಂಕಿ, ಮರದ ಮೇಲಿನ ಗುಡಿಸಲು, ಎಲ್ಲಕ್ಕೂ ಇಲ್ಲಿ ಬೇಡಿಕೆಯಿದೆ.

ವಾದದಲ್ಲಿ ಸರಿಯಾದದ್ದು ಎಷ್ಟು ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಕಾಲ್ನಡಿಗೆಯಲ್ಲಿ ಕಾಡು ನೋಡುವುದು ಜೀಪಿನಲ್ಲಿ ಕೂತು ನೋಡುವುದಕ್ಕಿಂತ ಮೇಲು. ಒಂದು ಹುಲಿಯ ಸುತ್ತ ಹತ್ತು ಗಾಡಿ ನಿಲ್ಲಿಸಿ ಫೋಟೊ ತೆಗೆಯುವ ಸಫಾರಿಯನ್ನು ಪ್ರಕೃತಿ ಶಿಕ್ಷಣವೆಂದು ಕರೆಯುವ ಧೈರ್ಯ ನನಗಿಲ್ಲ. ನಾಲ್ಕು ಗೋಡೆಯ ನಡುವೆ ದುಡಿಯುವ ಹುಡುಗ ಹುಡುಗಿಯರಿಗೆ ಬಯಲಿನ ಗಾಳಿ ಬೇಕೆನಿಸುವುದರಲ್ಲಿ ತಪ್ಪೇನೂ ಇಲ್ಲ. ಕಾನೂನು ಕೂಡ ಕಾಡಿನ ಬಾಗಿಲನ್ನು ಪ್ರವಾಸಿಗೆ ಪೂರ್ತಿ ಮುಚ್ಚಿಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಕಲಮು ಅಭಯಾರಣ್ಯದೊಳಗೆ ಹೋಗಲು ಅನುಮತಿ ಕೊಡಬಹುದಾದ ಕಾರಣಗಳ ಪಟ್ಟಿಯಲ್ಲಿ ಅಧ್ಯಯನ, ಛಾಯಾಗ್ರಹಣಗಳ ಜೊತೆಗೆ ಪ್ರವಾಸವನ್ನೂ ಹೆಸರಿಸುತ್ತದೆ. ಇಷ್ಟೆಲ್ಲ ನಿಜ. ಗೊಂದಲ ಶುರುವಾಗುವುದು ‘ಹಗುರ’ ಎಂಬ ಮಾತಿನಲ್ಲಿ. ಯಾವ ತಕ್ಕಡಿಯಲ್ಲಿ ತೂಗಿ ಟೆಂಟನ್ನು ಹಗುರವೆಂದಿರಿ ಎಂದು ಯಾರೂ ಕೇಳುವುದಿಲ್ಲ.

ತೂಗಿರುವುದು ನೆಲದ ತಕ್ಕಡಿಯಲ್ಲಿ. ಎಷ್ಟು ಮಣ್ಣು ಅಗೆದೆ, ಎಷ್ಟು ಮರ ಕಡಿದೆ, ಎಷ್ಟು ಕಸ ಬಿಟ್ಟೆ ಎಂಬ ಲೆಕ್ಕದಲ್ಲಿ ಟೆಂಟಿನ ಪಾಲು ಸೊನ್ನೆಗೆ ಹತ್ತಿರ. ಹೆಜ್ಜೆಗುರುತಲ್ಲದೆ ಬೇರೇನನ್ನೂ ಬಿಡಬೇಡಿ ಎಂಬ ಘೋಷಣೆಯ ಹಿಂದಿರುವುದೂ ಇದೇ ಲೆಕ್ಕ. ಈ ಲೆಕ್ಕ ಬೆಳೆದದ್ದು ಅಮೆರಿಕದ ಕಾಡುಗಳಲ್ಲಿ. ಅಲ್ಲಿನ 1964ರ ವೈಲ್ಡರ್‌ನೆಸ್ ಕಾಯ್ದೆ ಕಾಡನ್ನು, ಮನುಷ್ಯ ಅತಿಥಿಯಾಗಿ ಬಂದು ಹೋಗುವ, ನೆಲೆ ನಿಲ್ಲದ ಜಾಗವೆಂದು ವಿವರಿಸಿತು. ಯೊಸೆಮಿಟಿಯಂಥ ಕಣಿವೆಗಳಿಂದ ಮೂಲನಿವಾಸಿಗಳನ್ನು ಓಡಿಸಿದ ಮೇಲೆ ಅಂಥ ವಿವರಣೆ ಸುಲಭವೂ ಆಗಿತ್ತು. ಜನವಿಲ್ಲದ, ಊರು ದೂರವಿರುವ, ಸೂಕ್ಷ್ಮವಾದ ಹುಲ್ಲುಗಾವಲಿನಲ್ಲಿ ನೂರಾರು ಜನ ನಡೆದರೆ ನೆಲ ಸವೆಯುತ್ತದೆ. ಅಲ್ಲಿ ನೆಲದ ಲೆಕ್ಕ ಸರಿ. ಚೇಕಾಡಿಯ ಕಾಡು ಆ ಬಗೆಯದಲ್ಲ. ಇಲ್ಲಿ ಗದ್ದೆಯ ಬದುವಿಗೂ ಆನೆಯ ಜಾಡಿಗೂ ನಡುವೆ ಇರುವುದು ಒಂದು ಕೂಗಳತೆ. 2023ರ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ಅವುಗಳಲ್ಲಿ 831 ಈ ಕಾಡಿಗೆ ಹೊಂದಿಕೊಂಡಿರುವ ನಾಗರಹೊಳೆಯಲ್ಲೇ. ಸರಾಸರಿ ಚದರ ಕಿಲೋಮೀಟರಿಗೆ ಒಂದರ ಹತ್ತಿರ. ಆ ಆನೆಗಳಲ್ಲಿ ಒಂದೊಂದೂ ದಿನಕ್ಕೆ ಸುಮಾರು 150 ಕಿಲೋ ಮೇಯಬೇಕು, ನೂರು ಲೀಟರಿಗೂ ಮಿಕ್ಕಿ ನೀರು ಕುಡಿಯಬೇಕು. ಇಷ್ಟು ಒತ್ತಾಗಿರುವ ಕಡೆ ಜನ ಮತ್ತು ಪ್ರಾಣಿ ಒಂದೇ ನೆಲವನ್ನು ಹಂಚಿಕೊಂಡು ಬಾಳಿದ್ದು ಹೇಗೆ?

ಹೊತ್ತನ್ನು ಪಾಲು ಮಾಡಿಕೊಂಡು. ಹಗಲು ಹೊಳೆಗಿಳಿದು ಬಟ್ಟೆ ಒಗೆಯುವುದು, ಮೀನು ಹಿಡಿಯುವುದು, ಸೌದೆ ತರುವುದು, ದನ ಮೇಯಿಸುವುದು ಮನುಷ್ಯರ ಪಾಲು. ಬಿಸಿಲು ಇಳಿದ ಮೇಲೆ ಅದೇ ಕಡವು, ಅದೇ ಕಾಲುದಾರಿ ಆನೆ, ಕಾಟಿ, ಹಂದಿ, ಹುಲಿಗಳ ಪಾಲು. ಬರೆದಿಟ್ಟ ಕರಾರೇನೂ ಇಲ್ಲ. ಆದರೂ ಕಾಡಂಚಿನ ಯಾವ ಆದಿವಾಸಿ ಹಾಡಿಯಲ್ಲಾದರೂ ಕತ್ತಲಾದ ಮೇಲೆ ಹೊಳೆಗೆ ಹೋಗಬೇಡ ಎಂಬ ಮಾತು ಮಕ್ಕಳಿಗೆ ಮೊದಲು ಕಲಿಸುವ ಮಾತುಗಳಲ್ಲೊಂದು. ಇದು ಬರೀ ಹಳ್ಳಿಯ ತಿಳಿವಳಿಕೆಯೂ ಅಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು ಆರು ಖಂಡಗಳ 62 ಜಾತಿಯ ಸಸ್ತನಿಗಳ ಬಗ್ಗೆ ನಡೆದಿದ್ದ 76 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಮನುಷ್ಯರ ಓಡಾಟ ಹೆಚ್ಚಿದಲ್ಲೆಲ್ಲ ಪ್ರಾಣಿಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಏರಿತ್ತು. ಬೇಟೆಗಾರನ ಎದುರಿನಲ್ಲೂ ಸುಮ್ಮನೆ ನಡೆದುಹೋಗುವ ಚಾರಣಿಗನ ಎದುರಿನಲ್ಲೂ ಪ್ರಾಣಿಗಳು ಬದಲಾದ ರೀತಿ ಹೆಚ್ಚುಕಡಿಮೆ ಒಂದೇ ಆಗಿತ್ತು ಎಂಬುದು ಆ ಬರಹದಲ್ಲಿ ನಮಗೆ ಮುಖ್ಯವಾದದ್ದು. ಚಾರಣಿಗನ ಮನಸ್ಸು ಒಳ್ಳೆಯದೆಂದು ಜಿಂಕೆಗೆ ತಿಳಿಯುವ ದಾರಿಯಿಲ್ಲ. ಅಂದರೆ, ಹಗಲನ್ನು ನಾವು ತೆಗೆದುಕೊಂಡ ಮೇಲೆ ಪ್ರಾಣಿಗಳು ಹಿಂದೆ ಸರಿದು ನಿಂತ ಜಾಗದ ಹೆಸರು ರಾತ್ರಿ. ಅಲ್ಲಿಂದ ಹಿಂದಕ್ಕೆ ಸರಿಯಲು ಇನ್ನೊಂದು ಹೊತ್ತಿಲ್ಲ. ಈ ತಕ್ಕಡಿಯಲ್ಲಿ ತೂಗಿದರೆ ಟೆಂಟಿನ ತೂಕವೇ ಬೇರೆ. ಹಗಲು ಹೋಗಿ ಹಗಲು ಮರಳುವವನು ಆಗಲೇ ಬಿಟ್ಟುಕೊಟ್ಟಿರುವ ಪಾಲಿನಲ್ಲಿ ಓಡಾಡುತ್ತಾನೆ; ಟೆಂಟ್ ಹಾಕುವವನು, ನೆಲ ಎಷ್ಟೇ ಸ್ವಚ್ಛವಾಗಿ ಬಿಟ್ಟರೂ, ಉಳಿದಿರುವ ಪಾಲಿಗೆ ಕೈಹಾಕುತ್ತಾನೆ. ಅದೂ ಎಲ್ಲಿ? ಗೂಟ ಹೊಡೆಯಲು ಸಮತಟ್ಟಾದ, ನೀರಿಗೆ ಹತ್ತಿರವಾದ, ನೋಟಕ್ಕೆ ಚಂದವಾದ ಹೊಳೆ ದಂಡೆಯನ್ನೇ ಅವನು ಹುಡುಕುತ್ತಾನೆ. ಮುಸ್ಸಂಜೆಗೆ ಆನೆ ಹಿಂಡು ಇಳಿಯುವುದೂ ಅಲ್ಲಿಗೇ.

ರಾತ್ರಿ ಪ್ರಾಣಿಗಳ ಪಾಲು ಎಂಬುದನ್ನು ನಮ್ಮ ಸಮಾಜ ಬೇರೊಂದು ಕಡೆ ಆಗಲೇ ಒಪ್ಪಿಕೊಂಡಾಗಿದೆ. ಒಪ್ಪಿದ್ದು ಸುಲಭಕ್ಕೂ ಅಲ್ಲ. ಬಂಡೀಪುರದೊಳಗೆ ಹಾಯುವ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಂತಿದೆ. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೆಗ್ಗಡದೇವನಕೋಟೆಯಿಂದ ನಾಗರಹೊಳೆ ದಾಟಿ, ಚೇಕಾಡಿಗೆ ಹತ್ತಿರದ ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆಯಂತೂ 2008ರಿಂದಲೇ ಸಂಜೆ 6ಕ್ಕೇ ಮುಚ್ಚುತ್ತದೆ. ಇದರಿಂದ ತರಕಾರಿ ಲಾರಿಯವರಿಗೆ ನಷ್ಟವಾಗಿದೆ, ವಯನಾಡಿನ ಸುಲ್ತಾನ್ ಬತ್ತೇರಿಯ ವ್ಯಾಪಾರಿಗಳು ಬೀದಿಗಿಳಿದಿದ್ದಾರೆ, ಎರಡು ರಾಜ್ಯಗಳ ನಡುವೆ ವರ್ಷಗಟ್ಟಲೆ ಪತ್ರ ವ್ಯವಹಾರ ನಡೆದಿದೆ. ಆದರೂ ನಿರ್ಬಂಧ ಉಳಿದು ನಿಂತಿದೆ. ನಿಂತಿರುವುದು ರಾತ್ರಿಯ ಹೊತ್ತಿನಲ್ಲಿ ಕಾಡನ್ನು ಪ್ರಾಣಿಗಳಿಗೆ ಬಿಡಬೇಕು ಎಂಬ ಒಂದೇ ನ್ಯಾಯದ ಮೇಲೆ. ಲಾರಿ ಆ ಕಾಡಿನಲ್ಲಿ ಇರುವುದು ಅರ್ಧ ತಾಸು. ಟೆಂಟ್ ಇರುವುದು ಹನ್ನೆರಡು ತಾಸು, ಬೆಳಕು, ಅಡುಗೆ ವಾಸನೆ, ಮಾತುಕತೆಗಳೊಂದಿಗೆ. ಲಾರಿ ಪ್ರಾಣಿಗೆ ಡಿಕ್ಕಿ ಹೊಡೆದು ಕೊಲ್ಲುತ್ತದೆ, ಟೆಂಟ್ ಕೊಲ್ಲುವುದಿಲ್ಲವಲ್ಲ ಎನ್ನಬಹುದು. ನಿಜ, ವ್ಯತ್ಯಾಸ ದೊಡ್ಡದೇ. ಆದರೆ ಸಾವು ಮಾತ್ರ ಲೆಕ್ಕವಾಗಿದ್ದರೆ ವೇಗ ತಗ್ಗಿಸುವ ಉಬ್ಬುಗಳೇ ಸಾಕಿದ್ದವು. ಹಗಲೆಲ್ಲ ಸರಿದು ನಿಂತ ಪ್ರಾಣಿಗಳು ನಿರಾತಂಕವಾಗಿ ರಸ್ತೆ ದಾಟಿ ನೀರಿಗೆ ಹೋಗಲಿ ಎಂಬುದೂ ಆ ನಿರ್ಬಂಧದ ಅರ್ಥ. ಹೊಟ್ಟೆಪಾಡಿಗೆ ಗಾಡಿ ಓಡಿಸುವವನನ್ನು ಗೇಟಿನಲ್ಲಿ ಬೆಳಗಿನವರೆಗೂ ನಿಲ್ಲಿಸುವ ನಾವು, ಹವ್ಯಾಸಕ್ಕೆ ಬಂದವನಿಗೆ ಅದೇ ರಾತ್ರಿಯನ್ನು ಬಾಡಿಗೆಗೆ ಕೊಡುವುದಾದರೆ ನಮ್ಮ ನ್ಯಾಯದಲ್ಲೇ ಒಂದು ಬಿರುಕಿದೆ.

ಇಲ್ಲಿ ಮೊದಲ ಆಕ್ಷೇಪ: ರೆಸಾರ್ಟಿನಲ್ಲಿ ಮಲಗುವವನೂ ರಾತ್ರಿಯೇ ಮಲಗುತ್ತಾನಲ್ಲ, ಅವನಿಗಿಂತ ಟೆಂಟಿನವನು ವಾಸಿಯಲ್ಲವೇ? ಒಂದೇ ಜಾಗದಲ್ಲಿ ಎರಡನ್ನೂ ಇಟ್ಟು ನೋಡಿದರೆ ಟೆಂಟೇ ವಾಸಿ, ಅನುಮಾನವಿಲ್ಲ. ಆದರೆ ಅವೆರಡೂ ಒಂದೇ ಜಾಗಕ್ಕೆ ಹೋಗುವುದಿಲ್ಲ. ಕಟ್ಟಡಕ್ಕೆ ರಸ್ತೆ ಬೇಕು, ಕರೆಂಟು ಬೇಕು, ಪಂಚಾಯತಿಯ ಪರವಾನಗಿ ಬೇಕು. ಅದು ಎಲ್ಲಿದೆ ಎಂಬುದು ಹತ್ತು ಜನರಿಗೆ ಕಾಣುತ್ತದೆ, ತಪ್ಪಾಗಿದ್ದರೆ ಕೋರ್ಟಿಗೆ ಹೋಗಬಹುದು. ಟೆಂಟಿನ ಹಗುರತನವೇ ಅದನ್ನು ಕಟ್ಟಡ ಹೋಗಲಾರದ ಕಡೆಗೆ ಒಯ್ಯುತ್ತದೆ: ಕಾಫಿ ತೋಟ ಮುಗಿದು ಕಾಡು ಶುರುವಾಗುವ ಅಂಚಿಗೆ, ಆನೆದಾರಿಯ ಬಾಯಿಗೆ. ಸಂಜೆ ಎದ್ದು ಬೆಳಿಗ್ಗೆ ಮಾಯವಾಗುವ ವಸ್ತುವನ್ನು ಯಾವ ಕಡತದಲ್ಲಿ ದಾಖಲಿಸುವುದು? 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಟೆಂಟ್ ವಾಸಕ್ಕೆ ಬಂದಿದ್ದ ಕಣ್ಣೂರಿನ ಮಹಿಳೆಯೊಬ್ಬರು ಆನೆಯ ತುಳಿತಕ್ಕೆ ಸಿಕ್ಕಿ ಸತ್ತ ಮೇಲೆ ಜಿಲ್ಲಾಡಳಿತ ಪರವಾನಗಿಯಿಲ್ಲದ ಟೆಂಟ್ ತಾಣಗಳನ್ನು ಮುಚ್ಚಲು ಹೊರಟಿತು. ಒಂದು ಜೀವ ಹೋದ ಮೇಲೆ ಹುಡುಕಬೇಕಾಗಿ ಬಂದದ್ದೇ ಟೆಂಟ್ ಎಷ್ಟು ಕಣ್ಮರೆಯಾಗಿ ಬೆಳೆಯಬಲ್ಲದು ಎಂಬುದನ್ನು ಹೇಳುತ್ತದೆ. ಈಗ ಕಾನೂನಿನ ಗಾಳಿಯೂ ಕಾಡಿನೊಳಗಿನ ವಾಸದ ಪರವಾಗಿಯೇ ಬೀಸುತ್ತಿದೆ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಂದ ತಿದ್ದುಪಡಿಯು, ಕಾರ್ಯಯೋಜನೆಯಲ್ಲಿ ಸೇರಿದ ಪರಿಸರ ಪ್ರವಾಸೋದ್ಯಮದ ಸೌಲಭ್ಯಗಳನ್ನು ಅರಣ್ಯೇತರ ಬಳಕೆಯ ಪಟ್ಟಿಯಿಂದ ಹೊರಗಿಟ್ಟಿದೆ. ಕಾಡಿನೊಳಗೆ ಮಲಗುವುದೂ ಕಾಡಿನ ಕೆಲಸವೇ ಎಂದಂತಾಯಿತು.

ಕಾಡೇ ಕೆಲಸವಾಗಿರುವವರು ಕಾಡಿನಲ್ಲಿ ಹೇಗೆ ಮಲಗುತ್ತಾರೆ ಎಂಬುದನ್ನೂ ಒಮ್ಮೆ ನೋಡಬೇಕು. ಬಂಡೀಪುರ, ನಾಗರಹೊಳೆಗಳ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ವಾಚರುಗಳು ವರ್ಷವಿಡೀ ರಾತ್ರಿ ಕಳೆಯುತ್ತಾರೆ. ಆ ಶಿಬಿರಗಳ ಸುತ್ತ ಆನೆ ಕಂದಕ ತೋಡಿರುತ್ತದೆ, ಮಲಗುವುದು ಗೋಡೆಯೊಳಗೆ. ಅವರಲ್ಲಿ ಬಹಳಷ್ಟು ಜನ ಜೇನುಕುರುಬರು, ಬೆಟ್ಟಕುರುಬರು, ಯರವರು. ಗಾಳಿಯಲ್ಲಿ ಆನೆಯ ವಾಸನೆ ಹಿಡಿಯಬಲ್ಲವರು. ಅಂಥವರು ಕಂದಕದೊಳಗೆ ಮಲಗುವಾಗ, ಮೊಬೈಲಿನಲ್ಲಿ ನೋಡಿ ಜಾಗ ಹುಡುಕಿದವನು ತೆಳ್ಳನೆಯ ನೈಲಾನ್ ಬಟ್ಟೆಯೊಳಗೆ ಮಲಗುವುದನ್ನು ಸಾಹಸ ಎನ್ನಬೇಕೋ ಏನೆನ್ನಬೇಕೋ ಓದುಗರೇ ಹೇಳಲಿ. ಅಪಾಯ ಅವನೊಬ್ಬನದಾಗಿದ್ದರೆ ಅವನಿಷ್ಟ ಎನ್ನಬಹುದಿತ್ತು. ಆದರೆ ಒಂದು ಆನೆ ಒಬ್ಬ ಪ್ರವಾಸಿಯನ್ನು ಕೊಂದ ಮರುದಿನ ಅದು ‘ಪುಂಡಾನೆ’ ಆಗುತ್ತದೆ. ಅರಿವಳಿಕೆ ಮದ್ದು, ಕುಂಕಿ ಆನೆಗಳು, ಕ್ರಾಲು ಎಂಬ ಸೆರೆದೊಡ್ಡಿ ಎಲ್ಲ ಬರುತ್ತವೆ. ತನ್ನ ಹೊತ್ತಿನಲ್ಲಿ ತನ್ನ ದಾರಿಯಲ್ಲಿ ಬಂದದ್ದಷ್ಟೇ ಅದರ ತಪ್ಪು.

ಎರಡನೆಯ ಆಕ್ಷೇಪ ಹೆಚ್ಚು ಚೂಪಾದದ್ದು. ಆದಿವಾಸಿಗಳು ತಲೆತಲಾಂತರದಿಂದ ಕಾಡಿನೊಳಗೇ ಮಲಗುತ್ತ ಬಂದಿಲ್ಲವೇ, ಅವರಿಂದ ಕೆಡದ ರಾತ್ರಿ ಪ್ರವಾಸಿಯಿಂದ ಮಾತ್ರ ಕೆಡುವುದು ಹೇಗೆ? ಹೊತ್ತಿನ ಪಾಲಿನ ವಾದವನ್ನು ಎಳೆದು ನೋಡಿದರೆ ಕಾಟ್ಟುನಾಯ್ಕರನ್ನೂ ಕಾಡಿನಿಂದ ಹೊರಹಾಕಬೇಕೆಂದು ಅದು ಹೇಳಿಬಿಡುವ ಭಯವಿದೆ. ಹಾಗಾಗಿ ಉತ್ತರ ಎಚ್ಚರದಿಂದಲೇ ಬರಬೇಕು. ಹಾಡಿ ಇರುವ ಜಾಗ ಬದಲಾಗುವುದಿಲ್ಲ. ಅದರ ಬೆಂಕಿ, ನಾಯಿ, ಹೊಗೆ, ದನಿ ಎಲ್ಲವೂ ಪ್ರಾಣಿಗಳ ನೆನಪಿನ ನಕ್ಷೆಯಲ್ಲಿ ಸೇರಿಹೋಗಿವೆ. ಆನೆ ಅದನ್ನು ಬಂಡೆಯನ್ನು ಬಳಸಿ ಹೋಗುವಂತೆ ಬಳಸಿ ಹೋಗುತ್ತದೆ. ಟೆಂಟ್ ಇವತ್ತು ಇಲ್ಲಿ, ನಾಳೆ ಅಲ್ಲಿ. ಎಷ್ಟು ಅಲೆದಾಡಬಲ್ಲದು ಎಂಬುದೇ ಅದರ ಹೆಚ್ಚುಗಾರಿಕೆ, ಪ್ರಾಣಿಗೆ ಅದನ್ನು ಕಲಿಯಲಾಗದಂತೆ ಮಾಡುವುದೂ ಅದೇ. ಮತ್ತೆ, ಹಾಡಿಯವರು ರಾತ್ರಿ ಹಾಡಿಯೊಳಗೇ ಇರುತ್ತಾರೆ. ಅವರು ಹೊತ್ತಿನ ಪಾಲನ್ನು ಮುರಿದವರಲ್ಲ, ಆ ಪಾಲನ್ನು ಮಾಡಿಕೊಂಡ ಕಕ್ಷಿದಾರರೇ ಅವರು. ಹಾಗೆಂದು ಅವರನ್ನು ಕಾಡಿನ ದೇವತೆಗಳನ್ನಾಗಿ ಮಾಡಬೇಕಾಗಿಲ್ಲ; ಆನೆ ಅವರನ್ನೂ ಕೊಲ್ಲುತ್ತದೆ, ಅವರಿಗೂ ಆಸ್ಪತ್ರೆ, ಶಾಲೆ ಬೇಕು. ನನ್ನ ಮಾತು ಇಷ್ಟೇ: ಆದಿವಾಸಿಯ ಉದಾಹರಣೆ ಕೊಟ್ಟು ಪ್ರವಾಸಿಯ ಹಕ್ಕನ್ನು ಸಾಧಿಸುವುದು ಇತಿಹಾಸವನ್ನು ತಲೆಕೆಳಗು ಮಾಡಿದಂತೆ. ನಾಗರಹೊಳೆಯ ಮೂರ್ಕಲ್ಲಿನ ಕಥೆ ಇದನ್ನು ಯಾವ ತರ್ಕಕ್ಕಿಂತ ಚೆನ್ನಾಗಿ ಹೇಳುತ್ತದೆ. ಯಾವ ಕಾಡಿನಿಂದ ಜೇನುಕುರುಬರನ್ನು ಹೊರಗೆ ಕರೆತರುತ್ತಿದ್ದರೋ ಅದೇ ಕಾಡಿನೊಳಗೆ 1990ರ ದಶಕದಲ್ಲಿ ತಾಜ್ ಬಳಗದ ಹೋಟೆಲ್ ಕಂಪನಿಗೆ ಪ್ರವಾಸಿ ವಸತಿಗಾಗಿ ಸರ್ಕಾರ ಜಾಗವನ್ನು ಗುತ್ತಿಗೆ ಕೊಟ್ಟಿತು. ಆದಿವಾಸಿಗಳು ತಡೆದರು, ಕೋರ್ಟಿಗೆ ಹೋದರು, 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಯೋಜನೆ ವನ್ಯಜೀವಿ ಮತ್ತು ಅರಣ್ಯ ಸಂರಕ್ಷಣಾ ಕಾಯ್ದೆಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. 2025ರ ಮೇ ತಿಂಗಳಲ್ಲಿ ಹಲವು ಜೇನುಕುರುಬ ಕುಟುಂಬಗಳು ನಾಗರಹೊಳೆಯೊಳಗಿನ ತಮ್ಮ ಹಳೆಯ ನೆಲೆ ಕರಡಿಕಲ್ಲಿಗೆ ಮರಳಿ ಗುಡಿಸಲು ಹಾಕಿದಾಗ ಅವರನ್ನು ತಡೆದದ್ದು ಅರಣ್ಯ ಇಲಾಖೆ ಮತ್ತು ಪೊಲೀಸರು. ಅವರ ಗುಡಿಸಲೂ ಪ್ಲಾಸ್ಟಿಕ್ ಹಾಳೆಯದೇ. ದುಡ್ಡು ಕೊಟ್ಟು ಹಾಕಿದ ಪ್ಲಾಸ್ಟಿಕ್ ಹಾಳೆಗೆ ಮಾತ್ರ ನಾವು ಕ್ಯಾಂಪಿಂಗ್ ಎನ್ನುತ್ತೇವೆ.

ಇನ್ನು, ಹೊತ್ತಿನ ಪಾಲು ಎಂಬುದೇ ಹಳೆಯ ಕಥೆ, ಅದೀಗ ಎಲ್ಲಿದೆ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಗಟ್ಟಿ ಪುರಾವೆಯೇ ಇದೆ. 2024ರ ಫೆಬ್ರುವರಿಯಲ್ಲಿ ಕುರುವ ದ್ವೀಪದ ಪ್ರವಾಸಿ ಕೇಂದ್ರದಲ್ಲಿ ದುಡಿಯುತ್ತಿದ್ದ, ಚೇಕಾಡಿಗೆ ಹತ್ತಿರದ ಪಾಕ್ಕಂ ಊರಿನವರೊಬ್ಬರನ್ನು ಆನೆ ತುಳಿದು ಕೊಂದದ್ದು ಬೆಳಗಿನ ಬೆಳಕಿನಲ್ಲಿ. ಅದಕ್ಕೆ ವಾರದ ಹಿಂದೆ ಮಾನಂದವಾಡಿಯ ಪಡಮಲದಲ್ಲಿ, ಕರ್ನಾಟಕದಲ್ಲಿ ಹಿಡಿದು ರೇಡಿಯೊ ಕೊರಳಪಟ್ಟಿ ಕಟ್ಟಿ ಬಿಟ್ಟಿದ್ದ ಬೇಲೂರು ಮಖನಾ ಎಂಬ ಆನೆ ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದದ್ದೂ ಬೆಳಿಗ್ಗೆಯೇ. 2025ರ ಜನವರಿಯಲ್ಲಿ ಮಾನಂದವಾಡಿ ಬಳಿಯ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಆದಿವಾಸಿ ಮಹಿಳೆಯನ್ನು ಹುಲಿ ಕೊಂದದ್ದೂ ಹಗಲಲ್ಲೇ. ಹಗಲೂ ನಮ್ಮದಾಗಿ ಉಳಿಯದಿದ್ದರೆ ರಾತ್ರಿಯನ್ನು ಅವುಗಳಿಗೆ ಬಿಟ್ಟು ಪ್ರಯೋಜನವೇನು? ಈ ಪ್ರಶ್ನೆಯ ನೋವನ್ನು ಕಡೆಗಣಿಸಲಾಗದು. 2024ರ ಫೆಬ್ರುವರಿಯ ಆ ದಿನಗಳಲ್ಲಿ ಪುಲ್ಪಳ್ಳಿಯ ಬೀದಿಯಲ್ಲಿ ಸಿಟ್ಟು ಉಕ್ಕಿದ್ದು ಅಕಾರಣವಾಗಿ ಅಲ್ಲ. ಆದರೆ ತರ್ಕ ಸರಿಯಿಲ್ಲ. ಹೊತ್ತಿನ ಪಾಲು ಗೋಡೆಯಲ್ಲ, ರೂಢಿ. ಗೋಡೆಯ ಒಂದು ಇಟ್ಟಿಗೆ ಬಿದ್ದರೂ ಗೋಡೆ ನಿಲ್ಲಬಹುದು, ರೂಢಿ ನಿಲ್ಲುವುದು ಎರಡೂ ಕಡೆಯವರು ಪಾಲಿಸಿದರೆ ಮಾತ್ರ. ಲಂಟಾನ ಮತ್ತು ಹಳದಿ ಹೂವಿನ ಸೆನ್ನಾ ಹಬ್ಬಿ ಮೇವು ಕಡಿಮೆಯಾದ ಕಾಡಿನಿಂದ, ಕಾಡಿನ ಅಂಚಿನವರೆಗೂ ಹಬ್ಬಿದ ತೋಟಗಳಿಂದ, ಒಡೆದ ಆನೆದಾರಿಗಳಿಂದ ಆ ರೂಢಿ ಸಡಿಲವಾಗಿದೆ. ಸಡಿಲವಾದದ್ದನ್ನು ಪೂರ್ತಿ ಕಳಚಿಹಾಕುವುದು ಮದ್ದಾಗಲಾರದು. ಚೇಕಾಡಿಯ ಗದ್ದೆಗೆ ಆನೆ ಬಂದದ್ದಕ್ಕೆ ಎಲ್ಲೋ ಹಾಕಿದ ಟೆಂಟೇ ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ತೋರಿಸಿಕೊಡಲು ಯಾರಿಗೂ ಆಗುವುದಿಲ್ಲ. ಹೇಳುವುದು ಇಷ್ಟು: ಅಳಿದುಳಿದ ಕರಾರಿನ ಮೇಲೆ ಪ್ರಾಣ ಇಟ್ಟುಕೊಂಡು ಬದುಕುವವರು ಆ ಊರಿನವರು, ಅದನ್ನು ಮುರಿಯುವ ಅಧಿಕಾರ ಎರಡು ದಿನಕ್ಕೆ ಬಂದವನಿಗೆ ಸಲ್ಲದು.

ಪ್ರೀತಿಯ ವಾದಕ್ಕೆ ಬರೋಣ. ರಾತ್ರಿ ಮಲಗಿದವನಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಪ್ರೀತಿ ಹುಟ್ಟಲು ಅದೊಂದೇ ದಾರಿಯೇ? ಎರಡು ಮೂರು ತಲೆಮಾರಿನ ಕನ್ನಡಿಗರಿಗೆ ಮಲೆನಾಡಿನ ಕಾಡಿನ ಮೇಲೆ ಮೋಹ ಹತ್ತಿಸಿದ್ದು ಟೆಂಟಲ್ಲ, ಕುವೆಂಪು ಮತ್ತು ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು. ಅವನ್ನು ಓದಿದ್ದು ಬಹುಪಾಲು ಜನ ಪಟ್ಟಣದ ಬಾಡಿಗೆ ಕೋಣೆಗಳಲ್ಲಿ. ಇನ್ನೊಂದು ತೊಡಕೂ ಇದೆ. ಪ್ರೀತಿ ಹುಟ್ಟಿದವರ ಸಂಖ್ಯೆ ಏರಿದಂತೆಲ್ಲ ಪ್ರೀತಿಸಲ್ಪಟ್ಟದ್ದು ನಲುಗುತ್ತದೆ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಚಾರಣಿಗರು ಸಾಲುಗಟ್ಟಿ ನಿಂತ ಚಿತ್ರಗಳು ಹರಿದಾಡಿದ ಮೇಲೆ ಕರ್ನಾಟಕ ಸರ್ಕಾರ ಚಾರಣಗಳನ್ನೇ ಕೆಲಕಾಲ ತಡೆದು, ಆಮೇಲೆ ಆನ್‌ಲೈನ್ ಟಿಕೆಟ್ಟು, ದಿನಕ್ಕೆ ಇಂತಿಷ್ಟೇ ಜನ ಎಂಬ ನಿಯಮ ತರಬೇಕಾಯಿತು. ಅಲ್ಲಿ ಸಾಲು ನಿಂತವರೆಲ್ಲ ಕಾಡನ್ನು ಪ್ರೀತಿಸುವವರೇ. ‘ಹೆಚ್ಚು ಜನ ಮಲಗಿದಷ್ಟೂ ಒಳ್ಳೆಯದು’ ಎಂಬ ವಾದಕ್ಕೆ ಎಲ್ಲಿ ನಿಲ್ಲಬೇಕೆಂದು ಗೊತ್ತಿಲ್ಲ, ಯಾಕೆಂದರೆ ಅದು ಎಣಿಸುವುದು ಮಲಗಿದವರನ್ನು ಮಾತ್ರ, ಅವರಿಂದಾಗಿ ಆ ರಾತ್ರಿ ನೀರಿಗಿಳಿಯದೆ ತಿರುಗಿಹೋದ ಪ್ರಾಣಿಗಳನ್ನು ಎಣಿಸುವವರಿಲ್ಲ.

ಹಾಗಾದರೆ ಈ ಕಾಡಿಗೆ ಬರಲೇಬಾರದೇ? ಬರಬಹುದು. ಆದರೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳ ಸರದಿ ಬದಲಾಗಬೇಕು. ಏನು ಬಿಟ್ಟುಹೋದೆ ಎಂಬುದು ಕೊನೆಯ ಪ್ರಶ್ನೆ. ಅದಕ್ಕಿಂತ ಮೊದಲು ಮೂರಿವೆ.

1. ಯಾವ ಹೊತ್ತು? ಬಿಸಿಲೇರಿದ ಮೇಲೆ ಹೊರಟು ಬಿಸಿಲಿರುವಾಗಲೇ ಮರಳುವ ನಡಿಗೆ, ಸ್ಥಳೀಯ ಆದಿವಾಸಿ ಮಾರ್ಗದರ್ಶಕರೊಡನೆ.

2. ಮಲಗುವುದೆಲ್ಲಿ? ಊರಿನೊಳಗೆ, ಆಗಲೇ ಇರುವ ಮನೆಗಳ ನಡುವೆ. ಕಾಡಿನ ಅಂಚಿನ ಕೊನೆಯ ದೀಪ ಪ್ರವಾಸಿಯದಾಗಬಾರದು. ಬೆಂಕಿಯೂ ಊರಿನ ಒಲೆಯಲ್ಲೇ ಇರಲಿ. ಅಭಯಾರಣ್ಯದಲ್ಲಿ ಅದಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನು ವನ್ಯಜೀವಿ ಕಾಯ್ದೆಯ 30ನೆಯ ಕಲಮು ಹೇಗೂ ನಿಷೇಧಿಸಿದೆ.

3. ದುಡ್ಡು ಯಾರ ಕೈಗೆ, ಖರ್ಚು ಯಾರ ತಲೆಗೆ?

ಈ ಮೂರನೆಯದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಟೆಂಟ್ ಪರವಾದ ಕೊನೆಯ ವಾದ ಆದಾಯದ್ದು: ಪ್ರವಾಸ ನಿಂತರೆ ಊರಿನವರ ಹೊಟ್ಟೆಗೆ ಹೊಡೆದಂತೆ ಎಂಬುದು. ಕುರುವ ದ್ವೀಪದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಅಲ್ಲಿನ ವನ ಸಂರಕ್ಷಣಾ ಸಮಿತಿಯ ಮೂಲಕ ಸುತ್ತಲಿನವರಿಗೆ ಕೆಲಸ ಸಿಗುತ್ತದೆ. 2024ರ ಸಾವಿನ ನಂತರ ದ್ವೀಪ ತಿಂಗಳುಗಟ್ಟಲೆ ಮುಚ್ಚಿದ್ದಾಗ ಆ ಮನೆಗಳಲ್ಲಿ ಕಷ್ಟವಾಯಿತು. ಆದರೆ ಗಮನಿಸಬೇಕು, ಕುರುವ ಹಗಲಿನ ಪ್ರವಾಸ. ಬಿದಿರ ತೆಪ್ಪದಲ್ಲಿ ದಾಟಿ, ನಡೆದು, ಸಂಜೆಗೆ ಹೊರಗೆ ಬರುವುದು. ಹಗಲ ಪ್ರವಾಸದ ಆದಾಯವನ್ನು ತೋರಿಸಿ ರಾತ್ರಿ ವಾಸವನ್ನು ಸಮರ್ಥಿಸಲಾಗದು. ರಾತ್ರಿ ವಾಸದ ಆದಾಯ ಬಹುಮಟ್ಟಿಗೆ ಜಾಗದ ಒಡೆಯನಿಗೆ, ಬುಕಿಂಗ್ ಮಾಡಿಕೊಡುವವನಿಗೆ ಹೋಗುತ್ತದೆ; ಕೂಲಿ ಮಾತ್ರ ಊರಿನವರಿಗೆ. ಖರ್ಚಿನ ಪಾಲು ಇನ್ನೂ ಸ್ಪಷ್ಟ. ಆನೆ ಸುಳಿದಾಡಿದರೆ ಓಡಿ ಬರಬೇಕಾದವರು ಅರಣ್ಯ ಇಲಾಖೆಯ ಅದೇ ನಾಲ್ಕು ಜನ ಸಿಬ್ಬಂದಿ. ಹೆಗ್ಗಡದೇವನಕೋಟೆ, ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಮೂವರು ರೈತರು ಬಲಿಯಾದ ಮೇಲೆ 2025ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೂ ಸಂಘರ್ಷದ ಪ್ರದೇಶಗಳ ಚಾರಣವನ್ನೂ ನಿಲ್ಲಿಸಿ, ಆ ಕೆಲಸದಲ್ಲಿದ್ದ ಸಿಬ್ಬಂದಿಯನ್ನು ಹಳ್ಳಿಗಳ ಕಾವಲಿಗೆ ಕಳಿಸಲು ಆದೇಶಿಸಿತು. ಅತಿಥಿಯನ್ನು ಸುತ್ತಾಡಿಸುವ ಗಾಡಿ, ಜನ ಮತ್ತು ರೈತನನ್ನು ಕಾಯುವ ಗಾಡಿ, ಜನ ಬೇರೆ ಬೇರೆಯಲ್ಲ ಎಂಬುದು ಆ ಆದೇಶದಿಂದ ಎಲ್ಲರಿಗೂ ತಿಳಿಯಿತು.

ಚೇಕಾಡಿಯಲ್ಲಿ ಬಯಲಲ್ಲಿ ರಾತ್ರಿ ಕಳೆಯುವವರು ಈಗಲೂ ಇದ್ದಾರೆ. ಗಂಧಕಶಾಲ ದೀರ್ಘಾವಧಿಯ ಭತ್ತ. ಮಳೆಗಾಲದಲ್ಲಿ ನಟ್ಟದ್ದು ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ತೆನೆಯಲ್ಲಿ ಹಾಲು ತುಂಬಿದ್ದರಿಂದ ಹಿಡಿದು ಹೊರೆ ಕಣಕ್ಕೆ ಬೀಳುವವರೆಗೆ ಗದ್ದೆ ಕಾಯಬೇಕು. ಮಲಯಾಳದಲ್ಲಿ ಏರುಮಾಡ ಎನ್ನುವ ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ, ತಗಡಿನ ಡಬ್ಬ ಇಟ್ಟುಕೊಂಡು, ಮಂಜಿನಲ್ಲಿ, ಸರದಿಯ ಮೇಲೆ. ಇದೇ ಡಿಸೆಂಬರಿನ ರಜೆಗೆ ವಯನಾಡಿನ ಪ್ರವಾಸ ತುತ್ತತುದಿಗೇರುತ್ತದೆ. ಅಟ್ಟಣೆಯ ನಮೂನೆಯಲ್ಲೇ ಕಟ್ಟಿದ ಮರದ ಮನೆಗಳು ಆಗ ಜಿಲ್ಲೆಯ ಹಲವೆಡೆ ಒಳ್ಳೆಯ ಬಾಡಿಗೆಗೆ ಹೋಗುತ್ತವೆ. ಒಬ್ಬನು ಮರವೇರಿ ಆನೆ ಬರಲಿ ಎಂದು ಕಾಯುತ್ತಾನೆ, ಇನ್ನೊಬ್ಬನು ಬಾರದಿರಲಿ ಎಂದು. ಮೊದಲನೆಯವನು ಕೊಡುವ ಹಣದಲ್ಲಿ ಒಂದು ಪಾಲು ಎರಡನೆಯವನ ಸೋಲಾರ್ ಬೇಲಿಯ ಬ್ಯಾಟರಿಗೆ, ತುಳಿದುಹೋದ ಗದ್ದೆಯ ಪರಿಹಾರಕ್ಕೆ ಹೋಗಬೇಕೆಂಬ ನಿಯಮ ಎರಡು ರಾಜ್ಯಗಳಲ್ಲಿ ಯಾವುದು ಮೊದಲು ಮಾಡುತ್ತದೋ ಕಾದು ನೋಡಬೇಕು. ಅಲ್ಲಿಯವರೆಗೆ ಟೆಂಟಿನ ನಿಜವಾದ ಬಾಡಿಗೆಯನ್ನು ಕಟ್ಟುತ್ತಿರುವವನು ಆ ಅಟ್ಟಣೆಯ ಮೇಲೆ ಕೂತವನೇ.